ತಿದ್ದಿದ ಕಡೆ ಸಹಿ

ರೈಟರ ಅಕ್ಷರವನ್ನು ಓದಬಲ್ಲವರು ಭೂಮಿಯ ಮೇಲೆ ಒಬ್ಬರೇ ಇದ್ದರು, ಅವರ ಹೆಂಡತಿ. ಕೋಳಿ ಕೆದರಿದ ಹಾಗಿದ್ದ ಆ ಸಾಲುಗಳನ್ನು ಬರೆದ ಮಾರನೆಯ ದಿನ ಸ್ವತಃ ರೈಟರೇ ಓದಲಾರರು. ಕನ್ನಡಕ ಏರಿಸಿ, ಇಳಿಸಿ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೊನೆಗೆ “ಇಲ್ಲಿ ಏನು ಬರ್ದಿದೀನಿ ನೋಡೇ” ಎಂದು ಅಡುಗೆಮನೆಗೆ ಬರುತ್ತಿದ್ದರು. ಅವಳು ಒಲೆಯ ಮುಂದೆ ನಿಂತಲ್ಲಿಂದಲೇ ಕತ್ತು ಹೊರಳಿಸಿ, ಒಂದೇ ನೋಟಕ್ಕೆ ಓದಿ ಹೇಳುತ್ತಿದ್ದಳು. ಮದುವೆಯಾಗಿ ಇಪ್ಪತ್ತೊಂದು ವರ್ಷಕ್ಕೆ ಗಂಡನ ವಿಷಯದಲ್ಲಿ ಅವಳಿಗೆ ಸಂಪೂರ್ಣವಾಗಿ ಅರ್ಥವಾದದ್ದು ಅದೊಂದೇ ಇರಬೇಕು.

ಅವಳು ಒಬ್ಬ ಹಿರಿಯ ವಕೀಲರ ನೋಟರಿ ಕಚೇರಿಯಲ್ಲಿ ಟೈಪಿಸ್ಟ್. ಹತ್ತೊಂಬತ್ತು ವರ್ಷದ ಕೆಲಸ. ಸೇರಿದ ದಿನವೇ ವಕೀಲರು ಎರಡು ಮಾತು ಹೇಳಿಕೊಟ್ಟಿದ್ದರು. ಒಂದು, ಬಂದದ್ದು ಬಂದ ಹಾಗೆ ಟೈಪಾಗಬೇಕು, ಮಕ್ಕಿಕಾಮಕ್ಕಿ, ಕಕ್ಷಿದಾರ ತಪ್ಪು ಬರೆದಿದ್ದರೆ ಆ ತಪ್ಪು ಅವನದು. ಎರಡು, ಏನಾದರೂ ತಿದ್ದಲೇಬೇಕಾಗಿ ಬಂದರೆ, ತಿದ್ದಿದವರು ತಿದ್ದಿದ ಕಡೆ ಚಿಕ್ಕ ಸಹಿ ಹಾಕಬೇಕು. “ಸಹಿ ಇದ್ದರೆ ತಿದ್ದುಪಡಿ, ಇಲ್ಲದಿದ್ದರೆ ಕಳ್ಳತನ” ಎಂದಿದ್ದರು. ಈ ಹತ್ತೊಂಬತ್ತು ವರ್ಷದಲ್ಲಿ ಅವಳು ಒಂದು ಅಲ್ಪವಿರಾಮವನ್ನೂ ಆಚೀಚೆ ಮಾಡಿದವಳಲ್ಲ. ಮನೆಯಲ್ಲೂ ಹಾಗೆಯೇ, ಬಂದದ್ದು ಬಂದ ಹಾಗೆ. ಹಾಲು ತಾ ಅಂದರೆ “ಆಯ್ತು”, ಅತ್ತೆಯ ಮಂಡಿಗೆ ಎಣ್ಣೆ ಉಜ್ಜು ಅಂದರೆ “ಆಯ್ತು”, ಗೆಳೆಯರು ಊಟಕ್ಕೆ ಬರುತ್ತಾರೆ ಅಂದರೂ “ಆಯ್ತು”. ಬಾಯಿ ಚುರುಕಿನ ದೆಸೆಯಿಂದ ಮನೆಯಲ್ಲಿ ಮೆಣಸಿ ಎಂದೇ ಕರೆಸಿಕೊಳ್ಳುತ್ತಿದ್ದ, ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಮಗಳು ಅಮ್ಮನಿಗೆ ಆಯ್ತಮ್ಮ ಎಂದೇ ಹೆಸರಿಟ್ಟಿದ್ದಳು.

ಮನೆ ಇದ್ದದ್ದು ಮೋಟರ್ ವೈಂಡಿಂಗ್ ಅಂಗಡಿಯ ಮೇಲೆ. ಎರಡು ಕೋಣೆ, ಒಂದು ಅಡುಗೆಮನೆ, ಊಟದ ಮೇಜು ಹಾಕಿದ ನಡುಮನೆ. ಕೆಳಗಿನಿಂದ ವಾರ್ನಿಶ್ ವಾಸನೆ ಸದಾ ಬರುತ್ತಿತ್ತು. ರೈಟರು ಆರು ವರ್ಷದಿಂದ ಸಿನಿಮಾ ಬರೆದಿರಲಿಲ್ಲ. ಬರೆದಿರಲಿಲ್ಲ ಎನ್ನುವುದಕ್ಕಿಂತ ಯಾರೂ ಬರೆಸಿರಲಿಲ್ಲ. ಹಾಗಾಗಿ ಹಳೆಯ ಗೆಳೆಯನಾದ ನಿರ್ದೇಶಕ ಒಂದು ದಿನ ಬ್ರೌನ್ ಪೇಪರ್ ಹೊದಿಸಿದ ದಪ್ಪ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟಾಗ ಮನೆಯವರೆಲ್ಲ ಅದನ್ನು ಅತಿಥಿಯ ಹಾಗೆ ನೋಡಿದರು. ನೂರೈವತ್ತು ವರ್ಷದ ಹಿಂದಿನ ಫ್ರೆಂಚ್ ಕಾದಂಬರಿ. ಅದನ್ನು ಈ ಕಾಲಕ್ಕೆ, ನಮ್ಮ ಮಾತಿಗೆ ತಂದು ಸಿನಿಮಾ ಮಾಡಬೇಕು, ಎರಡು ತಿಂಗಳಲ್ಲಿ ಚಿತ್ರಕಥೆ ಸಿದ್ಧವಾಗಬೇಕು ಎಂದು ಮಾತಾಯಿತು.

ಮೊದಲ ವಾರವೇ ಊಟದ ಮೇಜು ರೈಟರ ಪಾಲಾಯಿತು. ಒಂದು ಕಡೆ ಪುಸ್ತಕ, ಇನ್ನೊಂದು ಕಡೆ ಹಾಳೆಗಳು, ನಡುವೆ ಚಹಾದ ಲೋಟಗಳು. ಉಳಿದವರು ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡಬೇಕಾಯಿತು. ಅತ್ತೆಗೆ ಮಂಡಿ ಮಡಿಸಲಾಗದು, ಅವರು ಗೋಡೆಗೆ ಸ್ಟೂಲು ಒತ್ತಿಕೊಂಡು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡರು.

“ಏನಂತೆ ಆ ಪುಸ್ತಕದ ಕಥೆ?” ಎಂದು ಕೇಳಿದರು.

“ಒಬ್ಬ ಹೆಂಗಸು ಇರ್ತಾಳಮ್ಮ,” ಎಂದರು ರೈಟರು. “ಗಂಡ ಒಳ್ಳೆಯವನು. ಆದ್ರೂ ಅವಳಿಗೆ ಬೇಜಾರು.”

“ಗಂಡ ಕುಡೀತಾನಾ?”

“ಇಲ್ಲ.”

“ಹೊಡೀತಾನಾ?”

“ಇಲ್ಲಮ್ಮ, ಪಾಪದವನು.”

“ಮತ್ತೆ ಬೇಜಾರು ಯಾತಕ್ಕೋ?”

“ಅದೇ ಕಥೆ.”

“ಬೇಜಾರಂತೆ ಬೇಜಾರು! ನಮ್ಮ ಕಾಲದಲ್ಲಿ ಬೇಜಾರು ಮಾಡ್ಕೊಳ್ಳೋಕೆ ಪುರುಸೊತ್ತೆಲ್ಲಿತ್ತು? ಅವಳು ಬೇಜಾರು ಮಾಡ್ಕೊಂಡು ಕೂತ್ರೆ ಪಾತ್ರೆ ತೊಳೆಯೋರು ಯಾರು, ಅವಳತ್ತೆನಾ?”

ಮೆಣಸಿ ನಕ್ಕಳು. “ಕೊನೇಗೆ ಏನಾಗ್ತಾಳಪ್ಪ?”

“ಸಾಯ್ತಾಳೆ.”

“ಬೇಜಾರಿಗಾ? ಹಾಗೆ ಸಾಯೋದಾದ್ರೆ ನಮ್ಮ ಆಯ್ತಮ್ಮ ಇಷ್ಟು ಹೊತ್ತಿಗೆ...”

“ತಟ್ಟೆ ನೋಡ್ಕೊಂಡು ತಿನ್ನು,” ಎಂದಳು ಅಮ್ಮ. ಅತ್ತೆಗೆ ಇನ್ನೊಂದು ಸೌಟು ಬೇಳೆ ಬಡಿಸಿದಳು.

ಎರಡು ವಾರ ರೈಟರ ಲೇಖನಿ ಓಡಲಿಲ್ಲ. ತೊಂದರೆ ಏನೆಂದರೆ, ಕಾದಂಬರಿಯ ಹೆಂಗಸು ಎಲ್ಲವನ್ನೂ ಮನಸ್ಸಿನೊಳಗೇ ಅಂದುಕೊಳ್ಳುತ್ತಾಳೆ. ಸಿನಿಮಾದಲ್ಲಿ ಅದನ್ನು ಬಾಯಿಬಿಟ್ಟು ಹೇಳಬೇಕು. ಬೇಸತ್ತ ಹೆಂಗಸು ಯಾವ ಮಾತಾಡುತ್ತಾಳೆ? ರೈಟರು ಹಾಳೆ ಹರಿದರು, ಚಹಾ ಕುಡಿದರು, ಬಾಲ್ಕನಿಯಲ್ಲಿ ಅಡ್ಡಾಡಿದರು. “ಈ ಮನೇಲಿ ಒಂದು ನಿಮಿಷ ನೆಮ್ಮದಿ ಇಲ್ಲ” ಎಂದು ಕುಕ್ಕರಿನ ಸೀಟಿಯ ಮೇಲೆ ರೇಗಿದರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಎಂದು ಅತ್ತೆ ಗೊಣಗಿದರು, ಆದರೆ ಮಗನಿಗೆ ಕೇಳಿಸದಷ್ಟು ಮೆಲ್ಲಗೆ.

ಮೂರನೆಯ ವಾರ ಇದ್ದಕ್ಕಿದ್ದ ಹಾಗೆ ಲೇಖನಿ ಓಡತೊಡಗಿತು. ರೈಟರ ಮುಖ ಅರಳಿತು. ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುವುದು ಹೆಚ್ಚಾಯಿತು. ಹೆಂಡತಿ ಏನಾದರೂ ಹೇಳಿದರೆ ಮೊದಲಿನ ಹಾಗೆ “ಹೂಂ, ಹೂಂ” ಎನ್ನದೆ ನಿಂತು ಕೇಳುತ್ತಿದ್ದರು. ಅವಳಿಗೆ ಆಶ್ಚರ್ಯವಾಯಿತು. ಇಪ್ಪತ್ತೊಂದು ವರ್ಷದ ಮೇಲೆ ಗಂಡನಿಗೆ ಕಿವಿ ಬಂತಲ್ಲ ಎಂದು ಆ ದಿನಗಳಲ್ಲಿ ಅವಳು ಅಗತ್ಯಕ್ಕಿಂತ ನಾಲ್ಕು ಮಾತು ಹೆಚ್ಚಾಗಿಯೇ ಆಡಿದಳು. ಯಾವತ್ತೂ ಯಾರಿಗೂ ಹೇಳದಿದ್ದ ಒಂದು ಮಾತನ್ನೂ ಹೇಳಿದಳು.

ಐದನೆಯ ವಾರ ರೈಟರು ಹಾಳೆಗಳ ಕಟ್ಟನ್ನು ಅವಳ ಮುಂದಿಟ್ಟರು. “ಇನ್ನು ನಿನ್ನ ಕೆಲಸ. ಟೈಪ್ ಮಾಡು.”

ಅವಳು ಕಚೇರಿಯಿಂದ ಬಂದು, ತರಕಾರಿ ಹೆಚ್ಚಿಟ್ಟು, ಮನೆಯ ಹಳೆಯ ಟೈಪ್‌ರೈಟರಿನ ಮುಂದೆ ಕೂತಳು. ಒಳ್ಳೆಯ ಟೈಪಿಸ್ಟ್ ಓದುವುದಿಲ್ಲ. ಕಣ್ಣು ಹಾಳೆಯ ಮೇಲಿರುತ್ತದೆ, ಬೆರಳು ಕೀಲಿಗಳ ಮೇಲಿರುತ್ತದೆ, ಮನಸ್ಸು ನಾಳೆಯ ತಿಂಡಿಗೆ ಬ್ರೆಡ್ ಇದೆಯೋ ಇಲ್ಲವೋ ಎಂದು ಯೋಚಿಸುತ್ತಿರುತ್ತದೆ. ಹಾಗೆ ಹತ್ತು ದೃಶ್ಯ ಮುಗಿಯಿತು. ಹನ್ನೊಂದನೆಯ ದೃಶ್ಯದಲ್ಲಿ ನಾಯಕಿ ಹೇಳುತ್ತಾಳೆ: “ಈ ಮನೇಲಿ ಹಸಿವಾದಾಗ ಎಲ್ಲರಿಗೂ ನಾನು ನೆನಪಾಗ್ತೀನಿ. ಹೊಟ್ಟೆ ತುಂಬಿದ ಮೇಲೆ ಉಳಿಯೋದು ನಾನು, ಪಾತ್ರೆ.”

ಬೆರಳು ನಿಂತಿತು. ಕಳೆದ ತಿಂಗಳು ಸಿಂಕಿನ ಮುಂದೆ ನಿಂತು ತಾನೇ ಆಡಿದ ಮಾತು ಅದು. ಮೊದಲು ಅವಳಿಗೆ ಸ್ವಲ್ಪ ಖುಷಿಯೇ ಆಯಿತು, ಸುಳ್ಳೇಕೆ ಹೇಳಬೇಕು. ಕೇಳಿಸಿದೆಯಲ್ಲ, ಅಷ್ಟೇ ಅಲ್ಲ, ನೆನಪೂ ಉಳಿದಿದೆಯಲ್ಲ ಎನಿಸಿತು. ಮುಂದಿನ ದೃಶ್ಯ: “ನಾನು ನಿಮ್ಮ ಹತ್ರ ಮಾತಾಡ್ತಿಲ್ಲ, ನಿಮ್ಮ ಬೆನ್ನಿನ ಹತ್ರ ಮಾತಾಡ್ತಿದೀನಿ. ಅದಕ್ಕಾದ್ರೂ ಕೇಳಿಸುತ್ತೇನೋ.” ಅದೂ ಅವಳದೇ. ಅದರ ಮುಂದಿನದೂ ಅವಳದೇ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ರೈಟರಿಗೆ ಹಿತ್ತಲ ಗಿಡವೇ ಮದ್ದಾಗಿತ್ತು, ಬೇರುಸಹಿತ ಕಿತ್ತು ಅರೆದಿದ್ದರು.

ಮೂವತ್ತಾರನೆಯ ದೃಶ್ಯಕ್ಕೆ ಬಂದಾಗ ಅವಳು ಕೀಲಿಗಳಿಂದ ಕೈ ತೆಗೆದಳು. ಅಲ್ಲಿದ್ದದ್ದು ಅವಳ ಅಪ್ಪ ಹೋದ ದಿನದ ಮಾತು. ಆ ದಿನ ಅಡುಗೆಮನೆಯಲ್ಲಿ, ಕುಕ್ಕರಿನ ಮುಂದೆ, ತಾನು ಏನು ಮಾಡಿದೆನೆಂದು ಅವಳು ಒಂಬತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಗಂಡ ನಿಂತು ಕೇಳಿಸಿಕೊಂಡ ಆ ಒಂದು ವಾರದಲ್ಲಿ ಅವರಿಗೆ ಮಾತ್ರ ಹೇಳಿದ್ದಳು. ಅದು ಈಗ ಕೋಳಿ ಕೆದರಿದ ಅಕ್ಷರದಲ್ಲಿ, ‘ನಾಯಕಿ, ಕಣ್ಣೀರಿಲ್ಲದೆ’ ಎಂಬ ಸೂಚನೆಯ ಜೊತೆಗೆ ಹಾಳೆಯ ಮೇಲಿತ್ತು.

ಮಾರನೆಯ ಬೆಳಿಗ್ಗೆ ರೈಟರು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗ ಅವಳು ಆ ಹಾಳೆಯನ್ನು ತಂದು ಮುಂದಿಟ್ಟಳು.

“ಇದನ್ನ ತೆಗೀರಿ.”

“ಯಾವುದು? ಬೆಣ್ಣೆನಾ?”

“ಕುಕ್ಕರ್ ಮಾತು.”

ರೈಟರು ಚಾಕು ಕೆಳಗಿಟ್ಟರು. “ಅದೇ ಕಣೇ ಇಡೀ ಸಿನಿಮಾದ ಜೀವ! ಬಾಯಲ್ಲಿ ಹೇಳಿದ್ದಕ್ಕೇ ಡೈರೆಕ್ಟರ್ ಕಣ್ಣಲ್ಲಿ ನೀರು ಬಂತು, ಗೊತ್ತಾ?”

“ನಿಮ್ಮ ಕಣ್ಣಲ್ಲಿ ಬಂತಾ?”

“ಇದೇನು ಪ್ರಶ್ನೆ?”

“ನಾನು ನಿಮಗೆ ಹೇಳಿದ್ದು. ಊರಿಗೆ ಹೇಳಿದ್ದಲ್ಲ.”

“ನೀನು ಅಂತ ಯಾರಿಗೆ ಗೊತ್ತಾಗುತ್ತೆ? ಅವಳು ಫ್ರೆಂಚ್ ಹೆಂಗಸು.”

“ಅವಳ ಮನೇಲಿ ಕುಕ್ಕರ್ ಇತ್ತಾ?”

ಸಿಕ್ಕಿಬಿದ್ದಾಗ ಎಲ್ಲ ಗಂಡಸರೂ ಮಾಡುವ ಹಾಗೆ ರೈಟರು ದನಿ ಏರಿಸಿದರು. “ಆರು ವರ್ಷ ಆದ್ಮೇಲೆ ಒಂದು ಕೆಲಸ ಬಂದಿದೆ. ಮಾತು ಯಾರಪ್ಪನ ಮನೆ ಸ್ವತ್ತೂ ಅಲ್ಲ. ಬಾಯಿಂದ ಬಿದ್ಮೇಲೆ ಗಾಳಿಗೆ ಹೋಗೋದು, ನಾನು ಹಿಡಿದಿಟ್ಟೆ. ನೀನು ಖುಷಿಪಡಬೇಕು.”

“ಏನಾಯ್ತೋ ಕುಕ್ಕರಿಗೆ?” ಎಂದು ಒಳಕೋಣೆಯಿಂದ ಅತ್ತೆ ಕೂಗಿದರು. “ಗ್ಯಾಸ್ಕೆಟ್ ಹೋಯ್ತಾ?”

“ಕುಕ್ಕರ್ ಚೆನ್ನಾಗೇ ಇದೆ ಅತ್ತೆ.”

“ಮತ್ತೆ ಬೆಳಿಗ್ಗೆ ಬೆಳಿಗ್ಗೆ ಗಂಡ ಹೆಂಡ್ತಿಗೆ ಅದರದ್ದೇನು ಜಗಳ?”

ಮೆಣಸಿ ಬಾಗಿಲಲ್ಲಿ ತಲೆ ಬಾಚುತ್ತ ನಿಂತಿದ್ದಳು. “ಅಪ್ಪಾ, ಅಮ್ಮ ಬೇಡ ಅಂದ್ರೆ ಬಿಡಬಾರದಾ? ಬೇರೆ ಏನಾದ್ರೂ ಬರಿ.”

“ನೀನು ಕಾಲೇಜಿಗೆ ಹೋಗು,” ಎಂದರು ರೈಟರು. ಆಮೇಲೆ ದನಿ ತಗ್ಗಿಸಿ ಹೆಂಡತಿಗೆ, “ನೋಡು, ಶುಕ್ರವಾರದೊಳಗೆ ಟೈಪ್ ಮುಗೀಬೇಕು. ಶನಿವಾರ ಮಧ್ಯಾಹ್ನ ಡೈರೆಕ್ಟರೂ ಹೀರೋಯಿನ್ನೂ ಇಲ್ಲಿಗೇ ಓದೋಕೆ ಬರ್ತಾರೆ. ಮಾಡ್ಕೊಡ್ತೀಯಲ್ಲ?”

“ಆಯ್ತು,” ಎಂದಳು ಅವಳು.

ರೈಟರು ಬ್ರೆಡ್ಡು ಕಚ್ಚಿದರು. ಅವರ ಮಟ್ಟಿಗೆ ಅಲ್ಲಿಗೆ ಜಗಳ ಮುಗಿದಿತ್ತು.

ಅಂದು ಸಂಜೆ ಅವಳು ಅದುವರೆಗೆ ಟೈಪ್ ಮಾಡಿದ ಹಾಳೆಗಳನ್ನೆಲ್ಲ ಹರಿದು ಕಸದ ಬುಟ್ಟಿಗೆ ಹಾಕಿ, ಮೊದಲ ಪುಟದಿಂದ ಮತ್ತೆ ಶುರು ಮಾಡಿದಳು. ಗಂಡನ ಪಾತ್ರದ ಮಾತು, ಅತ್ತೆಯ ಪಾತ್ರದ ಮಾತು, ಊರಿನವರ ಮಾತು ಎಲ್ಲ ಬಂದದ್ದು ಬಂದ ಹಾಗೆ. ನಾಯಕಿಯ ಮಾತು ಬಂದಲ್ಲಿ ಮಾತ್ರ ಬೆರಳು ಬೇರೆ ದಾರಿ ಹಿಡಿಯಿತು. ಆ, ಯು, ಕೆಳಗೊಂದು ತ ಒತ್ತು. ಅಷ್ಟೇ. ಮೊದಲನೆಯದನ್ನು ಹೊಡೆದು ಒಮ್ಮೆ ಬಾಗಿಲ ಕಡೆ ನೋಡಿದಳು. ಹತ್ತನೆಯದರ ಹೊತ್ತಿಗೆ ಕೈ ಹಗುರಾಯಿತು. ಕಂಡವರ ಮಾತನ್ನು ಅಕ್ಷರ ಬಿಡದೆ ಹೊಡೆದು ಸಾಕಾಗಿದ್ದ ಹೆಂಗಸಿಗೆ ಒಂದೇ ಮಾತು ಸಾಕು ಎನಿಸಿದ್ದರಲ್ಲಿ ವಿಶೇಷವೇನಿಲ್ಲ. ಆದರೆ ಅವಳು ಟೈಪಿಸ್ಟ್. ತಿದ್ದಿದ್ದನ್ನು ಹಾಗೇ ಬಿಟ್ಟರೆ ಕಳ್ಳತನವಾಗುತ್ತದೆ. ಹಾಗಾಗಿ ಪ್ರತಿಯೊಂದು ‘ಆಯ್ತು’ವಿನ ಪಕ್ಕದ ಅಂಚಿನಲ್ಲೂ ಚೂಪಾದ ಪೆನ್ಸಿಲಿನಿಂದ ತನ್ನ ಚಿಕ್ಕ ಸಹಿ ಹಾಕಿದಳು. ಲೆಕ್ಕ ಹಿಡಿದರೆ ನಲವತ್ತಮೂರು ಕಡೆ.

ಶುಕ್ರವಾರ ರೈಟರು ಆ ಕಟ್ಟನ್ನು ತೂಗಿ ನೋಡಿದ ಹಾಗೆ ಕೈಯಲ್ಲಿ ಹಿಡಿದು ಸೀದಾ ಜೆರಾಕ್ಸ್ ಅಂಗಡಿಗೆ ಹೋದರು.

“ಒಂದ್ಸಲ ನೋಡಲ್ವಾ?” ಎಂದು ಅವಳು ಬಾಗಿಲಲ್ಲಿ ಕೇಳಿದಳು. ಬೇಕೆಂದೇ ಕೇಳಿದಳು.

“ನೀನು ಟೈಪ್ ಮಾಡಿದ್ಮೇಲೆ ನೋಡೋದೇನಿದೆ?” ಎಂದರು ರೈಟರು. ಅವರ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನಿರ್ದೇಶಕ ಬಂದ. ಜೊತೆಗೆ ನಾಯಕಿಯ ಪಾತ್ರ ಮಾಡುವ ನಟಿ, ಮೂವತ್ತು ದಾಟಿದ, ಕಣ್ಣಿನ ಕೆಳಗೆ ಕಪ್ಪು ಕಟ್ಟಿದ, ಸರಳವಾಗಿ ಮಾತಾಡುವ ಹೆಣ್ಣುಮಗಳು. ಊಟದ ಮೇಜನ್ನು ಒರೆಸಿ, ನಾಲ್ಕು ಕುರ್ಚಿ ಹಾಕಿತ್ತು. ಅತ್ತೆ ಒಳ್ಳೆಯ ಸೀರೆಯುಟ್ಟು ಸ್ಟೂಲಿನ ಮೇಲೆ ಕೂತಿದ್ದರು. ಮೆಣಸಿ ಗೋಡೆಗೊರಗಿ ನಿಂತಿದ್ದಳು. ರೈಟರ ಹೆಂಡತಿ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು.

ನಟಿ ನಾಯಕಿಯ ಮಾತು ಓದುವುದು, ನಿರ್ದೇಶಕ ಉಳಿದವರದು ಎಂದು ಶುರುವಾಯಿತು.

“ನಾಳೆ ಅಮ್ಮನ ಕಡೆಯವರು ಬರ್ತಾರೆ, ಊಟಕ್ಕೆ ಏಳು ಜನ,” ಎಂದು ಓದಿದ ನಿರ್ದೇಶಕ.

“ಆಯ್ತು,” ಎಂದಳು ನಟಿ.

“ನಿನ್ನ ಗೆಳತಿ ಮದುವೆಗೆ ಹೋಗೋದು ಬೇಡ, ನನಗೆ ಕೆಲಸ ಇದೆ.”

“ಆಯ್ತು.”

ರೈಟರು ಕತ್ತೆತ್ತಿದರು. ಮೂರನೆಯದು, ನಾಲ್ಕನೆಯದು. ಏಳನೆಯ ‘ಆಯ್ತು’ ಬರುವಷ್ಟರಲ್ಲಿ ನಟಿಯ ದನಿ ತಾನಾಗಿಯೇ ಬದಲಾಗಿತ್ತು. ಹನ್ನೊಂದನೆಯದನ್ನು ಓದುವ ಮೊದಲು ಅವಳು ತಲೆಯೆತ್ತಿ ನಿರ್ದೇಶಕನ ಮುಖ ನೋಡಿದಳು. ರೈಟರು ತಮ್ಮ ಪ್ರತಿಯನ್ನು ಪಟಪಟನೆ ಮಗುಚಿದರು.

ನಿರ್ದೇಶಕ ಹಾಳೆ ಕೆಳಗಿಟ್ಟ. “ಏನಯ್ಯಾ ಇದು? ನೀನು ಹೇಳಿದಾಗ ಅವಳಿಗೆ ಬೇಕಾದಷ್ಟು ಮಾತಿತ್ತು. ಆ ಕುಕ್ಕರ್ ಮಾತೆಲ್ಲಿ?”

ರೈಟರು ನಗುವ ಪ್ರಯತ್ನ ಮಾಡಿದರು. “ಟೈಪಿಂಗ್ ಮಿಸ್ಟೇಕು. ಮನೆಯವಳ ಕೈಗೆ ಕೊಟ್ಟಿದ್ದೆ. ಏನೋ ಎಡವಟ್ಟು ಮಾಡಿದಾಳೆ.”

“ಇಷ್ಟು ಕಡೆ ಒಂದೇ ಮಿಸ್ಟೇಕಾ?”

“ಪಕ್ಕದಲ್ಲಿ ಪೆನ್ಸಿಲಲ್ಲಿ ಏನೋ ಇದೆ,” ಎಂದಳು ನಟಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು. “ಎಲ್ಲಾ ಕಡೆನೂ ಇದೆ. ಸಹಿ ತರ.”

ರೈಟರ ಹೆಂಡತಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಹೆದರಿಕೊಂಡಿದ್ದು ಹೌದು. ಆದರೆ ‘ಟೈಪಿಂಗ್ ಮಿಸ್ಟೇಕು’ ಎಂಬ ಮಾತು ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಗಿತ್ತು. ಹೆಂಡತಿ ಸರಿಯಿಲ್ಲ ಎಂದಿದ್ದರೆ ಸಹಿಸುತ್ತಿದ್ದಳೇನೋ.

“ನನ್ನ ಸಹಿ,” ಎಂದಳು. “ತಿದ್ದಿದ ಕಡೆ ಹಾಕಬೇಕು. ಹತ್ತೊಂಬತ್ತು ವರ್ಷದಿಂದ ನನ್ನ ಟೈಪಿಂಗಲ್ಲಿ ತಪ್ಪು ಬಂದಿಲ್ಲ. ಇದೂ ತಪ್ಪಲ್ಲ.”

ಕೆಳಗೆ ಅಂಗಡಿಯಲ್ಲಿ ಮೋಟರೊಂದು ಗುಂಯ್ ಎಂದು ತಿರುಗಿ ನಿಂತಿತು. ನಟಿ ಎದ್ದು ಬಂದು ಅವಳ ಕೈಯಿಂದ ತಟ್ಟೆ ತೆಗೆದುಕೊಂಡಳು.

“ಅಕ್ಕಾ, ಒಂದು ಕೇಳ್ಲಾ? ಈ ‘ಆಯ್ತು’ ಅಂದ್ರೆ ‘ಸರಿ’ ಅಂತನಾ, ಇಲ್ಲ ‘ಮುಗೀತು’ ಅಂತನಾ? ಗೊತ್ತಾದ್ರೆ ಹೇಗೆ ಹೇಳಬೇಕು ಅಂತ ನೋಡ್ಕೋತೀನಿ.”

ಅವಳು ಗಂಡನ ಕಡೆ ನೋಡಿದಳು. ರೈಟರು ಹಾಳೆಯ ಕಡೆ ನೋಡುತ್ತಿದ್ದರು.

“ಅದು ಕೇಳಿಸಿಕೊಳ್ಳೋರ ಮೇಲೆ ಹೋಗುತ್ತಮ್ಮ,” ಎಂದಳು.

ನಿರ್ದೇಶಕ ಹೋಗುವಾಗ ಚಪ್ಪಲಿ ಮೆಟ್ಟುತ್ತ ಹೇಳಿದ. “ಅತ್ತಿಗೆ, ಚಹಾ ಚೆನ್ನಾಗಿತ್ತು.” ಆಮೇಲೆ ರೈಟರಿಗೆ, “ಸೋಮವಾರ ಬೆಳಿಗ್ಗೆ ಹಳೇ ಮಾತಿರೋ ಪ್ರತಿ ತಗೊಂಡು ಬಾ. ಇದನ್ನೂ ಇಟ್ಟಿರು. ಯಾವುದು ಅಂತ ಬರೆದವನು ನೀನು, ನೀನೇ ಹೇಳು.”

ಅವರು ಮೆಟ್ಟಿಲಿಳಿದ ಮೇಲೆ ಅತ್ತೆಯ ಬಾಯಿ ಬಿಚ್ಚಿತು. “ಬಂದೋರ ಮುಂದೆ ಗಂಡನ ಮಾನ ಕಳೆದೆಯಲ್ಲೇ! ಏನು ಕಮ್ಮಿಯಾಗಿತ್ತು ನಿನಗೆ?”

“ಅಜ್ಜೀ, ಅಮ್ಮನ ಮಾತು ಕದ್ದಿದ್ದು ಯಾರು?” ಎಂದಳು ಮೆಣಸಿ.

“ಗಂಡ ಹೆಂಡ್ತಿ ಮಧ್ಯೆ ಕದಿಯೋದೇನೇ? ನನ್ನ ಸಂಸಾರದಲ್ಲಿ ನಾನು ಏನೆಲ್ಲ ನುಂಗಿದೀನಿ, ಯಾವನಾದ್ರೂ ಸಿನಿಮಾ ಮಾಡಿದ್ನಾ?”

“ಯಾರೂ ಕೇಳಲಿಲ್ಲ ಅಂತ ನಿನಗೇ ಬೇಜಾರು, ಒಪ್ಕೋ.”

“ಹೋಗೇ!” ಎಂದರು ಅತ್ತೆ. ಆದರೆ ಎದ್ದು ಒಳಕೋಣೆಗೆ ಹೋದರು. ರಾತ್ರಿ ರೈಟರು ಬಡಿಸಿದ್ದನ್ನು ಉಂಡು ಎದ್ದರು. ಮುನಿಸಿನಲ್ಲೂ ಊಟ ಬಿಡುವ ಪೈಕಿ ಅವರಲ್ಲ.

ಭಾನುವಾರ ಬೆಳಿಗ್ಗೆ ರೈಟರು ತಮ್ಮ ಕೈಬರಹದ ಕಟ್ಟು ಬಿಚ್ಚಿ ಕೂತರು. ತಾವೇ ನಕಲು ಮಾಡಿಕೊಳ್ಳುತ್ತೇನೆ, ಯಾರ ಹಂಗೂ ಬೇಡ ಎಂಬ ಠೀವಿ. ಕನ್ನಡಕ ಏರಿಸಿದರು, ಇಳಿಸಿದರು. ಹಾಳೆಯನ್ನು ಕಿಟಕಿಗೆ ಹಿಡಿದರು. ಒಂದು ಗಂಟೆಯಲ್ಲಿ ಎರಡು ಸಾಲೂ ಮುಂದೆ ಹೋಗಲಿಲ್ಲ. ಹನ್ನೊಂದೂವರೆಗೆ ಅಡುಗೆಮನೆಯ ಬಾಗಿಲಿಗೆ ಬಂದರು. ಅವಳು ಬೇಳೆ ತೊಳೆದು ಕುಕ್ಕರಿಗೆ ಹಾಕಿ ಮುಚ್ಚಳ ಬಿಗಿಯುತ್ತಿದ್ದಳು. ಉಪ್ಪು, ಒಗ್ಗರಣೆ ಎಲ್ಲ ಬೆಂದ ಮೇಲೆಯೇ ಅವಳ ಪದ್ಧತಿ.

“ಟೈಪ್ ಮಾಡು ಅನ್ನಲ್ಲ,” ಎಂದರು ರೈಟರು. “ಓದಿ ಹೇಳು ಸಾಕು. ನಾನೇ ಬರ್ಕೋತೀನಿ.”

“ಆಯ್ತು.”

ರೈಟರು ತಿರುಗಿ ಎರಡು ಹೆಜ್ಜೆ ಇಟ್ಟು ನಿಂತರು. “ಯಾವ ಆಯ್ತು?”

ಅವಳು ಒಲೆ ಹಚ್ಚಿದಳು. “ಓದ್ತೀನಿ ಅನ್ನೋ ಆಯ್ತು.”

ಮೇಜಿನ ಎದುರುಬದುರು ಕೂತರು. ಅತ್ತೆ ಸ್ಟೂಲಿನ ಮೇಲೆ ಬಟಾಣಿ ಸುಲಿಯುತ್ತಿದ್ದರು, ಮೆಣಸಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ರೈಟರ ಹೆಂಡತಿ ಕಚೇರಿಯಲ್ಲಿ ಕಕ್ಷಿದಾರರಿಗೆ ಪ್ರಮಾಣಪತ್ರ ಓದಿ ಹೇಳುವ ದನಿಯಲ್ಲಿ, ಏರಿಳಿತವಿಲ್ಲದೆ ಓದತೊಡಗಿದಳು. ಹಸಿವಿನ ಮಾತು ಓದಿದಳು. ಬೆನ್ನಿನ ಮಾತು ಓದಿದಳು. ರೈಟರು ಟೈಪಾದ ಪ್ರತಿಯ ಮೇಲೆ ‘ಆಯ್ತು’ವನ್ನು ಹೊಡೆದುಹಾಕಿ ಮೇಲೆ ಬರೆದುಕೊಳ್ಳುತ್ತಿದ್ದರು. ಮೊದಮೊದಲು “ಚೆನ್ನಾಗಿದೆ ಮಾತು” ಎಂದು ತಲೆಯಾಡಿಸಿದರು, ತಾವೇ ಹುಟ್ಟಿಸಿದವರ ಹಾಗೆ. ಹೋಗುತ್ತ ಹೋಗುತ್ತ ತಲೆಯಾಡಿಸುವುದು ನಿಂತಿತು. ಮಾತೆಲ್ಲ ಎದುರಿಗೆ ಕೂತವಳ ಬಾಯಿಂದಲೇ ಬರುತ್ತಿತ್ತು. ಬೆನ್ನು ತಿರುಗಿಸಿ ಕೂರಲು ಆ ಕುರ್ಚಿಯಲ್ಲಿ ಜಾಗವಿರಲಿಲ್ಲ. ಇಸ್ತ್ರಿಪೆಟ್ಟಿಗೆಯ ಸದ್ದೂ ನಿಂತಿತು. ಕುಕ್ಕರ್ ಒಂದು ಸೀಟಿ ಹೊಡೆಯಿತು.

ಮೂವತ್ತಾರನೆಯ ದೃಶ್ಯ ಬಂತು. ಅವಳು ಒಂದು ಲೋಟ ನೀರು ಕುಡಿದಳು. ಕುಕ್ಕರ್ ಎರಡನೆಯ ಸೀಟಿ ಹೊಡೆಯಿತು.

“‘ಕೆಳಗಿನ ಅಂಗಡಿಯವರು ಬಂದು ಅಪ್ಪ ಹೋದ್ರಂತೆ ಅಂದಾಗ ಕುಕ್ಕರ್ ಎರಡು ಸೀಟಿ ಹೊಡೆದಿತ್ತು. ಇನ್ನೊಂದು ಆಗಲಿ ಅಂತ ನಿಂತೆ. ಆಮೇಲೆ ಎಲ್ಲರಿಗೂ ಬಡಿಸಿದೆ. ಎಲ್ಲರೂ ಉಂಡ ಮೇಲೆ ಪಾತ್ರೆ ತೊಳೆದು, ಕೈ ಒರೆಸ್ಕೊಂಡು ಹೇಳಿದೆ. ಮೊದಲೇ ಯಾಕೆ ಹೇಳಲಿಲ್ಲ ಅಂತ ಇವತ್ತಿಗೂ ಗೊತ್ತಿಲ್ಲ. ಹೇಳಿದ್ರೆ ನಿಮ್ಮೆಲ್ಲರ ಊಟ ಕೆಡುತ್ತೆ ಅಂತಿರಬೇಕು.’”

ರೈಟರ ಪೆನ್ಸಿಲು ಹಾಳೆಯ ಮೇಲೆ ನಿಂತಲ್ಲೇ ನಿಂತಿತು. ಅತ್ತೆಯ ಬೆರಳುಗಳ ನಡುವೆ ಅರ್ಧ ಬಿರಿದ ಬಟಾಣಿಯ ಸಿಪ್ಪೆ ಹಾಗೇ ಉಳಿಯಿತು.

“ಅವತ್ತು,” ಎಂದರು ಅತ್ತೆ, “ಬೇಳೆಗೆ ಉಪ್ಪು ಸಾಲದು ಅಂದಿದ್ದೆ ನಾನು.”

“ಹೌದು ಅತ್ತೆ.”

“ನೀನು ಉಪ್ಪಿನ ಡಬ್ಬಿ ತಂದು ಪಕ್ಕದಲ್ಲಿಟ್ಟೆ.”

“ಹೌದು.”

ರೈಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದನ್ನ ನೀನು ನನಗೆ ಹೇಳಿದ ದಿನ,” ಎಂದರು, “ನಾನೇನಂದೆ?”

“ಏನೂ ಅನ್ನಲಿಲ್ಲ. ಜೇಬಲ್ಲಿ ಪೆನ್ನು ಹುಡುಕಿದ್ರಿ. ಸಿಗಲಿಲ್ಲ. ನಾನೇ ತಂದು ಕೊಟ್ಟೆ.”

ಮೂರನೆಯ ಸೀಟಿ ಹೊಡೆಯಿತು. ಅವಳು ಅಭ್ಯಾಸಬಲದಿಂದ ಎದ್ದಳು. “ಕೂತ್ಕೋ,” ಎಂದರು ರೈಟರು, ತಾವೇ ಎದ್ದು ಒಳಗೆ ಹೋದರು. ನಾಲ್ಕನೆಯ ಸೀಟಿಯೂ ಆಯಿತು.

“ಇದನ್ನ ಯಾವ ಕಡೆ ತಿರುಗಿಸೋದು?” ಎಂದು ಒಳಗಿನಿಂದ ದನಿ ಬಂತು.

“ಬಲಕ್ಕಪ್ಪಾ!” ಎಂದು ಮೆಣಸಿ ಕೂಗಿದಳು.

“ಬಲ ಅಂದ್ರೆ ನನ್ನ ಬಲಾನಾ, ಒಲೆ ಬಲಾನಾ?”

ಐದನೆಯ ಸೀಟಿಯೂ ಆದ ಮೇಲೆ ಒಲೆ ಆರಿತು. “ಆಯ್ತು,” ಎಂದರು ರೈಟರು ಒಳಗಿನಿಂದ. ಯಾವ ಆಯ್ತು ಎಂದು ಯಾರೂ ಕೇಳಲಿಲ್ಲ. ಅವರು ಹೊರಗೆ ಬಂದು, ಕೂರದೆ ನಿಂತೇ, ಮೂವತ್ತಾರನೆಯ ದೃಶ್ಯದ ಟೈಪಾದ ಹಾಳೆಯನ್ನು ಹತ್ತಿರ ಎಳೆದುಕೊಂಡರು. ಅಲ್ಲಿಯ ‘ಆಯ್ತು’ವನ್ನು ಹೊಡೆದುಹಾಕಲಿಲ್ಲ. ಅಂಚಿನಲ್ಲಿ ಅವಳ ಸಹಿಯ ಪಕ್ಕದಲ್ಲಿ ತಮ್ಮದನ್ನೂ ಹಾಕಿದರು. ಯಾರೂ ಓದಲಾಗದಂಥ ಸಹಿ ಅದು. ಕೈಬರಹದ ಹಾಳೆಯನ್ನು ಮಡಿಸಿ ಹೆಂಡತಿಯ ಕೈಗೆ ಕೊಟ್ಟರು. ಅವಳು ಅದನ್ನು ತೆಗೆದುಕೊಂಡಳು. ಆದರೆ ಒಂದು ಸಹಿಗೆ ಒಂಬತ್ತು ವರ್ಷ ತೀರಿಹೋಗುವುದಿಲ್ಲ, ಉಳಿದ ನಲವತ್ತೆರಡು ಕಡೆ ಅವಳ ಸಹಿ ಒಂಟಿಯಾಗೇ ಇತ್ತು.

ಮೇಜಿನ ಮೇಲಿನ ಹಾಳೆಗಳನ್ನು ಮೆಣಸಿ ಒಂದು ಪಕ್ಕಕ್ಕೆ ಸರಿಸಿ ತಟ್ಟೆ ಹಾಕಿದಳು. ಒಂದೂವರೆ ತಿಂಗಳ ಮೇಲೆ ನಾಲ್ವರೂ ಮೇಜಿಗೆ ಕೂತರು. ಐದು ಸೀಟಿಗೆ ಬೇಳೆ ಕರಗಿ ಗಂಜಿಯಾಗಿತ್ತು. ಕುಕ್ಕರಿನಿಂದ ಹಾಗೇ ತಂದು ಬಡಿಸಿದವಳು ಮೆಣಸಿ, ಒಗ್ಗರಣೆಯ ಗೊಡವೆಗೆ ಯಾರೂ ಹೋಗಿರಲಿಲ್ಲ. ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟಾಗ ರೈಟರ ಹೆಂಡತಿಗೆ ಗೊತ್ತಾಯಿತು. ಏಳಬೇಕೆಂದು ಕುರ್ಚಿ ಹಿಂದಕ್ಕೆ ಸರಿಸಿದಳು.

ಅತ್ತೆ ಎಡಗೈಯಿಂದ ಅವಳ ಮುಂಗೈ ಹಿಡಿದು ಕೂರಿಸಿದರು. ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದರು.

“ಉಪ್ಪು ಸರಿಯಾಗಿದೆ ಕಣೇ,” ಎಂದರು.

ಅಂದು ಬೇಳೆಗೆ ಉಪ್ಪನ್ನು ಯಾರೂ ಹಾಕಿರಲಿಲ್ಲ.